ನವೆಂಬರ್ 1ರಿಂದ ಮನೆಯಿಂದ ಬಲವಂತವಾಗಿ ಕರೆತರುವ ವ್ಯವಸ್ಥೆ ಇರುವುದಿಲ್ಲ: ಗ್ರಾಹಕರಿಗೆ ಪತ್ರ

ಮಾನ್ಯರೇ,

ನಮ್ಮ ಸಹಕಾರಿ ಚಿಕಿತ್ಸಾ ಕೇಂದ್ರದ ಸದಸ್ಯರಿಗೂ, ಇಲ್ಲಿ ಉಳಿದು ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಚಿಕಿತ್ಸೆ ಪಡೆದವರಿಗೂ, ಅವರ ಮನೆಯವರಿಗೂ ನಮಸ್ಕಾರಗಳು.

ಮನೆಯವರು ಫೋನ್ ಮಾಡಿದರೆ ನಾವು ಜೀಪು ಮತ್ತು ಮೂವರು ಸಿಬ್ಬಂದಿಯನ್ನು ಕಳುಹಿಸಿ, ಕುಡಿತಕ್ಕೆ ಬಿದ್ದವರನ್ನು ಅವರ ಒಪ್ಪಿಗೆ ಇಲ್ಲದಿದ್ದರೂ ಕರೆತರುತ್ತಿದ್ದೆವು. ಬರುವ ನವೆಂಬರ್ 1ರಿಂದ ಆ ವ್ಯವಸ್ಥೆಯನ್ನು ಸಂಪೂರ್ಣವಾಗಿ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ತಾವಾಗಿ ಒಪ್ಪಿ ಬಂದವರನ್ನು ಮಾತ್ರ, ಅದೂ ವೈದ್ಯರ ತಪಾಸಣೆ ಮುಗಿದ ಮೇಲೆ, ಸೇರಿಸಿಕೊಳ್ಳುತ್ತೇವೆ. ನಿಮ್ಮಲ್ಲಿ ಅನೇಕರಿಗೆ, ಅದರಲ್ಲೂ ವರ್ಷಗಟ್ಟಲೆ ಸಹಿಸಿ ಸೋತ ತಾಯಂದಿರಿಗೆ ಮತ್ತು ಹೆಂಡತಿಯರಿಗೆ, ಆ ಜೀಪೇ ಕೊನೆಯ ಆಸರೆಯಾಗಿತ್ತು ಎಂಬುದು ನಮಗೆ ಗೊತ್ತಿದೆ. ಆದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುವುದು ನಮ್ಮ ಕರ್ತವ್ಯ.

ಕಳೆದ ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಹೊಸನಗರದ ಕಡೆಯ ಒಂದು ಮನೆಯಿಂದ ರಾತ್ರಿ ಹತ್ತು ಗಂಟೆಯ ಮೇಲೆ ಕರೆ ಬಂತು. ನಮ್ಮವರು ಹೋದಾಗ, ದಣಪೆಯಿಂದ ಜಗುಲಿಯವರೆಗೆ ದಾರಿ ಕಾಣಲೆಂದು ಆ ಮನೆಯ ಹುಡುಗ, ಹೈಸ್ಕೂಲಿಗೆ ಹೋಗುವವನು, ಬ್ಯಾಟರಿ ಹಿಡಿದು ನಿಂತಿದ್ದ. ಮಲಗಿದ್ದ ಅವನ ತಂದೆಯನ್ನು ಎಬ್ಬಿಸಿ, ಕೈಗಳನ್ನು ಹಿಂದಕ್ಕೆ ಹಿಡಿದು ಜೀಪು ಹತ್ತಿಸಿದರು. ಅವರು ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ, ಬೇರೆ ಮಾತ್ರೆಗಳೇನಾದರೂ ನಡೆಯುತ್ತಿವೆಯೇ ಎಂದು ವಿಚಾರಿಸುವ ವ್ಯವಧಾನ ಆ ಗಲಾಟೆಯಲ್ಲಿ ಯಾರಿಗೂ ಇರಲಿಲ್ಲ. ಎರಡು ದಿನ ಕೈ ನಡುಕ, ಬೆವರು, ನಿದ್ದೆಯಿಲ್ಲದ ಚಡಪಡಿಕೆ ಇತ್ತು. ಮೂರನೆಯ ರಾತ್ರಿ ಅವರು ಹಾಸಿಗೆಯ ಮೇಲೆ ಎದ್ದು ಕುಳಿತು, ಎದುರಿಗೆ ಮೆಟ್ಟುಗತ್ತಿ ಇದೆಯೆಂಬಂತೆ, ಇಲ್ಲದ ಅಡಿಕೆಯನ್ನು ಒಂದೊಂದಾಗಿ ಎತ್ತಿಕೊಂಡು ಸುಲಿದು ಪಕ್ಕಕ್ಕೆ ಹಾಕತೊಡಗಿದರು. ಬುಟ್ಟಿ ತುಂಬಿತು, ಇನ್ನೊಂದು ಕೊಡಿ ಎಂದು ನಮ್ಮ ನರ್ಸ್ ಒಬ್ಬರನ್ನು ಕೇಳಿದರು. ಮೈ ಕೆಂಡವಾಗಿತ್ತು. ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ಬೆಳಗಾಗಿತ್ತು. ಅಲ್ಲಿಯ ವೈದ್ಯರ ಆರೈಕೆಯಿಂದ ಅವರು ಉಳಿದುಕೊಂಡರು.

ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 24 ಗಂಟೆಗಳೊಳಗೆ ನಡುಕ ಶುರುವಾಗುತ್ತದೆ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಂಭವ ಹೆಚ್ಚು, ಮತ್ತು ಕೆಲವರಿಗೆ ಎರಡರಿಂದ ನಾಲ್ಕು ದಿನಗಳ ನಡುವೆ ಇಂತಹ ಭ್ರಮೆಯ ಸ್ಥಿತಿ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಡಯಾಜೆಪಾಮ್, ಲೊರಾಜೆಪಾಮ್‌ನಂತಹ ಔಷಧಿಗಳನ್ನು ಹೊತ್ತು ನೋಡಿ ಕೊಟ್ಟು ನಿಧಾನವಾಗಿ ಇಳಿಸುತ್ತಾ ಬಂದರೆ, ಜೊತೆಗೆ ವಿಟಮಿನ್ ಬಿ1 ಚುಚ್ಚುಮದ್ದು ಕೊಟ್ಟರೆ, ಈ ಅಪಾಯವನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಯಾರಿಗೆ ಎಷ್ಟು ಬೇಕೆಂದು ತೀರ್ಮಾನಿಸಲು ರೋಗಿಯ ಬಾಯಿಂದ ನಿಜವಾದ ಮಾಹಿತಿ ಬರಬೇಕು; ನಾವು ಎಳೆದು ತಂದ ರೋಗಿಗಳು ನಮಗೆ ನಿಜ ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವ ಅರ್ಹತೆಯೂ ನಮಗೆ ಉಳಿದಿರುವುದಿಲ್ಲ.

ಹೊಸನಗರದ ಕಡೆಯ ಆ ತಂದೆ ಒಂದು ತಿಂಗಳು ಇಲ್ಲಿದ್ದು ಮನೆಗೆ ಮರಳಿದರು, ಆದರೆ ನಂತರದ ಯಾವ ಭೇಟಿಗೂ ಬರಲಿಲ್ಲ. ನಮ್ಮ ಕಾರ್ಯಕರ್ತರು ಮನೆಗೆ ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟು: ‘ಮಗನ ಕೈಲಿ ಬ್ಯಾಟರಿ ಹಿಡಿಸಿ ನನ್ನ ಎಳ್ಕೊಂಡು ಹೋದ್ರಿ. ಆ ಜಾಗಕ್ಕೆ ಮತ್ತೆ ಹೆಂಗೆ ಬರ್ಲಿ?’ ಅಪ್ಪ ಮಗನ ನಡುವೆ ಆಗಲೂ ಮಾತು ನಿಂತಿತ್ತು. ಆ ಹುಡುಗನಲ್ಲಿ ಮತ್ತು ಅವನ ತಂದೆಯಲ್ಲಿ ನಾವು ಖುದ್ದಾಗಿ ಕ್ಷಮೆ ಕೇಳಿದ್ದೇವೆ. ಇದೇ ರೀತಿ ಕರೆತಂದ ಉಳಿದ ಎಲ್ಲರಲ್ಲಿಯೂ ಈ ಪತ್ರದ ಮೂಲಕ ಕೇಳುತ್ತಿದ್ದೇವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಅವಲಂಬನೆ ಇರುವ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಹಾಗಿರುವಾಗ ಚಿಕಿತ್ಸೆಯ ಬಾಗಿಲಿಗೆ ಬಂದ ಒಬ್ಬರನ್ನು ನಾವೇ ಶಾಶ್ವತವಾಗಿ ದೂರ ಮಾಡಿದೆವು ಎಂಬ ನೋವು ನಮ್ಮನ್ನು ಬಿಟ್ಟಿಲ್ಲ.

ಕಾನೂನು ಕೂಡ ಸ್ಪಷ್ಟವಾಗಿದೆ, ಮತ್ತು ಅದನ್ನು ನಾವು ಮೊದಲೇ ಪಾಲಿಸಬೇಕಿತ್ತು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಪ್ರಾಯಕ್ಕೆ ಬಂದವರು ತಾವೇ ಕೇಳಿಕೊಂಡು ದಾಖಲಾಗುವುದೇ ಅದರಲ್ಲಿ ಸಾಮಾನ್ಯ ಮಾರ್ಗ. ತೀವ್ರ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ಒದಗಿಸುವ ಸ್ಥಿತಿಯಲ್ಲಿದ್ದು, ಸ್ವತಃ ನಿರ್ಧರಿಸಲಾರದವರನ್ನು 89ನೆಯ ಸೆಕ್ಷನ್ನಿನಡಿ ಅವರ ನಾಮನಿರ್ದೇಶಿತ ಪ್ರತಿನಿಧಿಯ (ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲುವವರ) ಅರ್ಜಿಯ ಮೇಲೆ ದಾಖಲಿಸಿಕೊಳ್ಳಬಹುದು. ಆದರೆ ಅದಕ್ಕೆ ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು, ಮತ್ತು ಆ ದಾಖಲಾತಿಯ ಅವಧಿ 30 ದಿನಗಳನ್ನು ಮೀರುವಂತಿಲ್ಲ. ನಮ್ಮಲ್ಲಿ ಪೂರ್ಣಾವಧಿಯ ಮನೋವೈದ್ಯರಿಲ್ಲ. ಆದ್ದರಿಂದ ಅಂತಹ ಸಂದರ್ಭಗಳಲ್ಲಿ ಮನೋವೈದ್ಯ ವಿಭಾಗವಿರುವ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಪತ್ರ ಬರೆದುಕೊಟ್ಟು, ಬೇಕಾದರೆ ಜೊತೆಗೆ ಒಬ್ಬರನ್ನು ಕಳುಹಿಸುತ್ತೇವೆ.

‘ಒಪ್ಪಿದರೆ ನಾವೇ ಕರೆದುಕೊಂಡು ಬರುತ್ತಿದ್ದೆವಲ್ಲ, ಒಪ್ಪುವುದಿಲ್ಲ ಎಂದೇ ನಿಮಗೆ ಫೋನ್ ಮಾಡಿದ್ದು’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕಾಗಿ ಪ್ರತಿ ಭಾನುವಾರ ಮಧ್ಯಾಹ್ನ ಮನೆಯವರಿಗೆಂದೇ ಸಭೆ ಆರಂಭಿಸುತ್ತಿದ್ದೇವೆ. ಕುಡಿಯುವವರು ಬಾರದಿದ್ದರೂ ನೀವು ಬರಬಹುದು, ಶುಲ್ಕವಿಲ್ಲ. ಕುಡಿದು ಬಂದ ರಾತ್ರಿ ಜಗಳಕ್ಕೆ ನಿಲ್ಲದೆ, ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿನಲ್ಲಿ ಮಾತು ತೆಗೆಯುವುದು ಹೇಗೆ, ಕುಡಿಯದ ದಿನ ಮನೆಯಲ್ಲಿ ಅವರನ್ನು ಹೇಗೆ ನಡೆಸಿಕೊಳ್ಳಬೇಕು, ಅವರ ಸಾಲವನ್ನು ನೀವು ತೀರಿಸಬೇಕೇ ಬೇಡವೇ ಎಂಬುದನ್ನು ಅಲ್ಲಿ ಒಂದೊಂದಾಗಿ ಕಲಿಸುತ್ತೇವೆ. ಇದು ಬರಿಯ ಸಮಾಧಾನದ ಮಾತಲ್ಲ. ಚಿಕಿತ್ಸೆಯೇ ಬೇಡ ಎನ್ನುತ್ತಿದ್ದವರ ಮನೆಯವರಿಗೆ ಹೀಗೆ ತರಬೇತಿ ಕೊಟ್ಟಾಗ ಅವರಲ್ಲಿ ಶೇ. 64ರಷ್ಟು ಮಂದಿ ಚಿಕಿತ್ಸೆಗೆ ಬಂದರೆಂದೂ, ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯಿಸುವ ಕ್ರಮದಲ್ಲಿ ಬಂದವರು ಶೇ. 30 ಮಾತ್ರವೆಂದೂ 1999ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನಮ್ಮೂರಿನಲ್ಲಿ ಲೆಕ್ಕ ಬೇರೆಯಾಗಬಹುದು, ದಾರಿ ಇದೇ ಎಂದು ನಾವು ನಂಬಿದ್ದೇವೆ.

ಹೊಡೆತ ಬಡಿತ ನಡೆಯುತ್ತಿದ್ದರೆ ಭಾನುವಾರಕ್ಕೆ ಕಾಯಬೇಡಿ, ಕೂಡಲೇ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು.

ಸಾರಿನಲ್ಲೋ ಕಾಫಿಯಲ್ಲೋ ಗೊತ್ತಾಗದಂತೆ ಬೆರೆಸುವ ಮಾತ್ರೆ ಕೊಡಿ ಎಂದು ಈಗಲೂ ಅನೇಕರು ಕೇಳುತ್ತಾರೆ. ಡೈಸಲ್ಫಿರಾಮ್ ಎಂಬ ಆ ಔಷಧಿ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಹೃದಯಕ್ಕೇ ಪೆಟ್ಟಾಗಬಹುದು. ಅದನ್ನು ತೆಗೆದುಕೊಳ್ಳುವವರು ತಿಳಿದೇ ತೆಗೆದುಕೊಳ್ಳಬೇಕು. ಕದ್ದು ಕೊಡಲು ನಾವು ಎಂದಿಗೂ ಕೊಡುವುದಿಲ್ಲ.

ಒಪ್ಪಿ ಬಂದವರು ಎರಡೇ ದಿನಕ್ಕೆ ಹೊರಡುತ್ತೇನೆ ಎಂದರೆ ಏನು ಮಾಡುತ್ತೀರಿ ಎಂಬುದು ಇನ್ನೊಂದು ಆತಂಕ. ಅವರಿಗೆ ಹೊರಡುವ ಹಕ್ಕಿದೆ. ಅಪಾಯದ ಲಕ್ಷಣಗಳಿದ್ದರೆ ಪರೀಕ್ಷೆಗಾಗಿ 24 ಗಂಟೆಗಳವರೆಗೆ ತಡೆಯಲು ಕಾಯ್ದೆ ತಜ್ಞರಿಗೆ ಅವಕಾಶ ಕೊಟ್ಟಿದೆ. ಆ ಅವಧಿಯಲ್ಲಿ ನಿಮಗೆ ತಿಳಿಸಿ, ಅವರೊಂದಿಗೆ ಕುಳಿತು ಮಾತನಾಡುತ್ತೇವೆ. ಆಮೇಲೂ ಹೋಗುವವರು ಹೋಗಲಿ, ಮತ್ತೆ ಬಂದರೆ ಹೊಸದಾಗಿ ದಾಖಲಾತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಉಳಿಯದ ದಿನಗಳ ಹಣವನ್ನು ಹಿಂದಿರುಗಿಸುತ್ತೇವೆ.

ಬರುವಾಗ ಹಳೆಯ ಆಸ್ಪತ್ರೆ ಚೀಟಿಗಳು, ಈಗ ನಡೆಯುತ್ತಿರುವ ಮಾತ್ರೆಗಳು ಮತ್ತು ಗುರುತಿನ ಚೀಟಿ ಇದ್ದರೆ ಸಾಕು. ಕುಡಿದಿದ್ದರೆ ಕುಡಿದೇ ಬರಲಿ; ದಾರಿಗೆಂದು ಒಮ್ಮೆಲೇ ನಿಲ್ಲಿಸಿ ಕರೆತರಬೇಡಿ. ನಡುಕ ಜೋರಾಗಿದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ, ಮೊದಲ ವಾರವನ್ನು ಆಸ್ಪತ್ರೆಯಲ್ಲಿಯೇ ಕಳೆದು ನಂತರ ನಮ್ಮಲ್ಲಿಗೆ ಬರುವಂತೆ ವೈದ್ಯರು ಹೇಳಬಹುದು.

ಮನೆಯಿಂದ ಕರೆತರಲೆಂದು ಮುಂಗಡವಾಗಿ ಕಟ್ಟಿದ್ದ ಹಣವನ್ನು ನವೆಂಬರ್ 15ರೊಳಗೆ ಕಚೇರಿಯಲ್ಲಿ ವಾಪಸು ಪಡೆಯಬಹುದು. ಅದೇ ಜೀಪು ಇನ್ನು ಮುಂದೆ ಚಿಕಿತ್ಸೆ ಮುಗಿಸಿದವರ ಮನೆ ಭೇಟಿಗೆ ಬಳಕೆಯಾಗುತ್ತದೆ: ಮಂಗಳವಾರ ಹೊಸನಗರದ ಕಡೆಗೆ, ಗುರುವಾರ ಸಾಗರದ ಕಡೆಗೆ, ಶನಿವಾರ ಕೊಪ್ಪದ ಕಡೆಗೆ, ಹಗಲಿನಲ್ಲಿ ಮಾತ್ರ, ಮೊದಲೇ ಫೋನ್ ಮಾಡಿ ಕೇಳಿಕೊಂಡೇ ಬರುತ್ತೇವೆ. ಹಿಂಬದಿಯ ಬಾಗಿಲಿಗೆ ಹೊರಗಿನಿಂದ ಹಾಕುತ್ತಿದ್ದ ಚಿಲಕವನ್ನು ತೆಗೆಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಆಡಳಿತ ಮಂಡಳಿಯ ಪರವಾಗಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ