ಒಂದು ವರ್ಷ, ಯಾರೂ ಬಿಟ್ಟು ಹೋಗಲಿಲ್ಲ

ಜೂನ್ ಮುಗಿಯಿತು. ಅಲ್ಲಿಗೆ ಸರಿಯಾಗಿ ಒಂದು ವರ್ಷ, ನಮ್ಮ ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಒಬ್ಬರೂ ಕೆಲಸ ಬಿಟ್ಟಿಲ್ಲ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಅದರ ಹಿಂದಿನ ದಸರಾದಿಂದ ಸಂಕ್ರಾಂತಿಯೊಳಗೆ ಮಕ್ಕಳನ್ನು ನೋಡಿಕೊಳ್ಳುವ ಮೂವರು ಗೃಹಪಾಲಕಿಯರು ಹೋಗಿದ್ದರು, ಆಪ್ತಸಮಾಲೋಚಕಿಯ ಜಾಗ ಖಾಲಿ ಬಿದ್ದಿತ್ತು, 26 ಹೆಣ್ಣುಮಕ್ಕಳನ್ನು ಇಟ್ಟುಕೊಂಡು ನಾನು ಮತ್ತು ಅಡುಗೆಯಮ್ಮ ಸರದಿ ಮೇಲೆ ರಾತ್ರಿ ಎದ್ದಿರುತ್ತಿದ್ದೆವು. ಆ ದಿನಗಳನ್ನು ದಾಟಿಸಿದವರಿಗೆ ಥ್ಯಾಂಕ್ಸ್ ಹೇಳದೆ ಸಮಾಧಾನವಿಲ್ಲ.

ಹೆಸರು ಬರೆಯುತ್ತಿಲ್ಲ. ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನೇ ಇದೆ. ಸಿಬ್ಬಂದಿ ಹೆಸರು ಹಾಕಬಹುದಿತ್ತು. "ಬೇಡ ಮೇಡಂ, ನಮ್ಮತ್ತೆ ಮೊಬೈಲ್ ನೋಡ್ತಾರೆ" ಅಂದರು. ಸರಿ ಬಿಡಿ.

ಮೊದಲ ಥ್ಯಾಂಕ್ಸ್ ಆ ಮೂವರಲ್ಲಿ ಬಿಟ್ಟು ಹೋದ ಒಬ್ಬಳಿಗೇ. ಅವಳು ಗಾರ್ಮೆಂಟ್ಸ್‌ಗೆ ಸೇರಿದಳು. ಸಂಬಳ ಸ್ವಲ್ಪ ಜಾಸ್ತಿ ಮಾಡ್ತೀವಿ ಇರಮ್ಮ ಅಂದೆ. "ಅಲ್ಲಿ ವ್ಯಾನು ಮನೆ ಹತ್ರ ಬರುತ್ತೆ, ಪಿಎಫ್ ಕಟ್ತಾರೆ, ಭಾನುವಾರ ರಜೆ. ಇಲ್ಲಿ ಊರ ಮಕ್ಕಳಿಗೆಲ್ಲ ಜಡೆ ಹಾಕ್ತೀನಿ, ನನ್ನ ಮಗಳ ತಲೆ ಬಾಚಿ ಎಷ್ಟು ದಿನ ಆಯ್ತು ಗೊತ್ತಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಇದು ಸೇವೆ ಅಂದ್ಕೊಂಡು ಮಾಡಿ" ಅಂತ ಎಷ್ಟು ಸಲ ಹೇಳಿದ್ದೆನೋ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಹೊಸಬರು ಬಂದರು. ಎಂಟು ವರ್ಷದ ಒಬ್ಬಳು ಅವರ ಮುಂದೆ ತಲೆ ಕೊಟ್ಟು ಕೂರಲೇ ಇಲ್ಲ. ಹೇನು ತುಂಬಿದರೂ ಸರಿ, ಬಾಚಣಿಗೆ ಕಂಡರೆ ಓಟ. "ನೀವೂ ಹೋಗ್ತೀರಲ್ವಾ, ಸುಮ್ನೆ ಯಾಕೆ" ಅನ್ನುತ್ತಿದ್ದಳು.

ಪಕ್ಕದ ಬೀದಿಯ ನಿವೃತ್ತ ಅಂಗನವಾಡಿ ಟೀಚರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಪೊಲೀಸ್ ವೆರಿಫಿಕೇಶನ್ ಮುಗಿಸಿಕೊಂಡು, ಆಟೋ ಚಾರ್ಜ್ ಬಿಟ್ಟು ಒಂದು ರೂಪಾಯಿ ಮುಟ್ಟದೆ, ವಾರದಲ್ಲಿ ಎರಡು ದಿನ ಬದಲಿಗೆ ಬಂದು ಕೂತಿರಿ. ನೀವು ಬಂದಿದ್ದರಿಂದಲೇ ಉಳಿದವರಿಗೆ ವಾರದ ರಜೆ ಕೊಡಲು ಆಯಿತು. ರಜೆ ಸಿಕ್ಕಿದ ಮೇಲೆ ಯಾರೂ ಬ್ಯಾಗು ಕಟ್ಟಲಿಲ್ಲ.

ನಮ್ಮ ಟ್ರಸ್ಟಿನ ಖಜಾಂಚಿಗಳಿಗೂ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ದುಡ್ಡಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಎರಡೂ ಸೇರಿ ನಮ್ಮ ಖಾತೆಗೆ ಇಳಿಯುವಷ್ಟರಲ್ಲಿ ಹಬ್ಬವೇ ಕಳೆದಿರುತ್ತಿತ್ತು. ನೀವು ಬೈದುಕೊಂಡೇ ಅಂಗಡಿ ಗಲ್ಲಾದಿಂದ ಮುಂಗಡ ಕೊಟ್ಟಿರಿ, 5ನೇ ತಾರೀಖಿಗೆ ಸಂಬಳ ತಪ್ಪಲಿಲ್ಲ.

ಹೊಸ ಆಪ್ತಸಮಾಲೋಚಕಿಗೆ ಥ್ಯಾಂಕ್ಸ್. ಗುರುವಾರ ಸಂಜೆ ಮಕ್ಕಳ ಜೊತೆಗಲ್ಲ, ಗೃಹಪಾಲಕಿಯರ ಜೊತೆ ಟೀ ಹಿಡಿದು ಕೂತು ಅವರ ಮಾತು ಕೇಳುತ್ತಾರೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಉಳಿದುಕೊಂಡ ನಮ್ಮ ನಾಲ್ವರು. ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಯಿಂದ ರಾತ್ರಿ ಎರಡಕ್ಕೆ ಒಂದು ಮಗುವನ್ನು ಕರೆತಂದಾಗ ನಾನು ಮಕ್ಕಳ ಕಲ್ಯಾಣ ಸಮಿತಿ ಮುಂದೆ 24 ಗಂಟೆಯೊಳಗೆ ಹಾಜರುಪಡಿಸಬೇಕು, ಆ ಪೇಪರ್ ಎಲ್ಲಿ ಅಂತ ಹುಡುಕುತ್ತಿದ್ದರೆ, ನೀವು ಆಗಲೇ ನೀರು ಕಾಯಿಸಿ ಅನ್ನ ಬಿಸಿ ಮಾಡಿದ್ದಿರಿ. ನಿಮ್ಮನ್ನು ರಾತ್ರಿ ಡ್ಯೂಟಿಗೆ ಕಳಿಸಿಕೊಡುವ ನಿಮ್ಮ ಮನೆಯವರಿಗೂ, ಆ ಅತ್ತೆಗೂ ಸೇರಿಸಿ, ನಮಸ್ಕಾರ.

ಆ ಎಂಟು ವರ್ಷದವಳಿಗೆ ಈಗ ಒಂಬತ್ತು. ಭಾನುವಾರ ತಾನೇ ಬಾಚಣಿಗೆ ತಂದು ಅಕ್ಕನ ಮುಂದೆ ಕೂರುತ್ತಾಳೆ. ಎಳೆದರೆ ಬೈಯುತ್ತಾಳೆ ಕೂಡ.

ಅಂದಹಾಗೆ, ಅಡುಗೆಗೆ ಸಹಾಯಕಿ ಒಬ್ಬರು ಬೇಕು. ಸಂಬಳ ದೊಡ್ಡದಲ್ಲ, ವೆರಿಫಿಕೇಶನ್‌ಗೆ ಸ್ವಲ್ಪ ದಿನ ಕಾಯಬೇಕು. ವಾರಕ್ಕೊಂದು ರಜೆ ಖಂಡಿತ ಇದೆ. ಗೊತ್ತಿದ್ದವರಿಗೆ ಹೇಳಿ.