ಕೋಡಿಗೂ ಒಂದು ಷರಾ ಕಾಲಂ ಬೇಕು

ಸಂಪಾದಕರಿಗೆ ನಮಸ್ಕಾರ,

ಇಂಜಿನಿಯರಿಂಗ್ ಹುಡುಗ್ರು ಕೊನೇ ವರ್ಷದ ಪ್ರಾಜೆಕ್ಟನ್ನ ಅಂಗಡೀಲಿ ದುಡ್ಡು ಕೊಟ್ಟು ತರ್ತಾರೆ ಅಂತ ಕಳೆದ ವಾರ ನಿಮ್ಮ ಪೇಪರಲ್ಲಿ ಬಂದಿತ್ತಲ್ಲ, ಅದನ್ನ ಓದಿದಾಗಿಂದ ಬರೀಬೇಕು ಬರೀಬೇಕು ಅನ್ಕೊಂಡು ಇವತ್ತು ಭಾನುವಾರ ಕೂತಿದೀನಿ. ನಾನು ಪೀಣ್ಯದ ಒಂದು ಸಣ್ಣ ಕಂಪನೀಲಿ ಬೋರ್ಡು, ಅದರೊಳಗೆ ಓಡೋ ಫರ್ಮ್‌ವೇರ್ ಅನ್ನೋ ಪ್ರೋಗ್ರಾಂ ಅಂತ ಕೆಲಸ ಮಾಡೋನು, ಹದಿನಾರು ವರ್ಷ ಆಯ್ತು. ಹುಡುಗ್ರನ್ನ ಬೈಯೋಕೆ ಈ ಪತ್ರ ಅಲ್ಲ. ಅವರ ಕೈಲಿ ಮಾಡಿಸಬಹುದಾದ, ಆದ್ರೆ ಯಾರೂ ಮುಟ್ಟದೆ ಬಿದ್ದಿರೋ ಒಂದು ಕೆಲಸ ಇದೆ, ಕೋಡ್ ಯಾಕೆ ಹಾಗಿದೆ ಅಂತ ಅದರ ಪಕ್ಕದಲ್ಲೇ ವಿವರಣೆ ಬರೆಯೋದು, ಅದನ್ನ ಹೇಳೋಕೆ.

ಮನೇಲಿರೋ ವೈಫೈ ರೂಟರ್ರೋ ಸೆಟ್‌ಟಾಪ್ ಬಾಕ್ಸೋ ಸ್ವಿಚ್ ಹಾಕಿದ ತಕ್ಷಣ ಮೊದಲು ಏಳೋದು ಬೂಟ್‌ಲೋಡರ್ ಅನ್ನೋ ಪುಟ್ಟ ಪ್ರೋಗ್ರಾಂ, ಅದು ಮೆಮೊರಿ ಸರಿ ಮಾಡಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮನ್ನ ಎಬ್ಬಿಸಿ ತಾನು ಪಕ್ಕಕ್ಕೆ ಸರಿಯುತ್ತೆ. ನಮ್ಮ ಲೈನಲ್ಲಿ ಜಾಸ್ತಿ ಬಳಸೋದು ಯು-ಬೂಟ್, ಜರ್ಮನಿಯ ವುಲ್ಫ್‌ಗ್ಯಾಂಗ್ ಡೆಂಕ್ ಅವರು ಬೆಳೆಸಿದ್ದು, ಮೊದಲು ಪಿಪಿಸಿ-ಬೂಟ್ ಅಂತಿತ್ತು, 2002ರಲ್ಲಿ ಈ ಹೆಸರು ಬಂತು. ಜರ್ಮನ್ ಭಾಷೇಲಿ ಯು-ಬೂಟ್ ಅಂದ್ರೆ ಸಬ್‌ಮರೀನು. ಹೆಸರು ಸರಿಯಾಗೇ ಇದೆ, ಇದೂ ನೀರೊಳಗೇ ಇರುತ್ತೆ, ಕೆಟ್ಟಾಗ ಮಾತ್ರ ಮೇಲೆ ಬರುತ್ತೆ. ಬೂಟ್‌ಲೋಡರ್ ಎದ್ದ ಆ ಗಳಿಗೇಲಿ ಸ್ಕ್ರೀನ್ ಇಲ್ಲ, ನೆಟ್‌ವರ್ಕ್ ಇಲ್ಲ, ಬಾಯಿ ಅಂತ ಇರೋದು ಸೀರಿಯಲ್ ಪೋರ್ಟ್ ಒಂದೇ. ಮೂರೇ ವೈರು, ಎಸ್‌ಪಿ ರೋಡಲ್ಲಿ ಸಿಗೋ ಚಿಕ್ಕ ಯುಎಸ್‌ಬಿ-ಟಿಟಿಎಲ್ ಕೇಬಲ್ ಒಂದನ್ನ ಚುಚ್ಚಿ ಲ್ಯಾಪ್‌ಟಾಪಲ್ಲಿ ಅದು ಏನು ಹೇಳ್ತಿದೆ ನೋಡ್ಕೋಬೇಕು. ಆ ಬಾಯಿ ಆಡಿಸೋ ಕೋಡೇ ಸೀರಿಯಲ್ ಡ್ರೈವರ್. ಅದು ಕೆಟ್ರೆ ಬೋರ್ಡು ಸತ್ತಿದೆಯೋ ಬದುಕಿದೆಯೋ ಅಂತಾನೂ ಗೊತ್ತಾಗಲ್ಲ.

ಇನ್ನು ವಿಷಯಕ್ಕೆ ಬರ್ತೀನಿ. ಪಹಣಿ ನೋಡಿರ್ತೀರಲ್ಲ, ಹಳೇ ರಿಜಿಸ್ಟರ್‌ಗಳನ್ನೂ ನೋಡಿರ್ತೀರ, ಕೊನೇಲಿ ಷರಾ ಅಂತ ಒಂದು ಕಾಲಂ ಇರುತ್ತೆ. ಅಂಕಿ ಎಲ್ಲ ಬೇರೆ ಕಾಲಂಗಳಲ್ಲಿ ಇರುತ್ತೆ, ಈ ಅಂಕಿ ಯಾಕೆ ಹೀಗೆ ಬಂತು ಅನ್ನೋದು ಮಾತ್ರ ಷರಾದಲ್ಲಿ. ಕೋಡಲ್ಲಿ ಕಾಮೆಂಟು ಅಂತೀವಲ್ಲ, ಕಂಪ್ಯೂಟರ್‌ಗಲ್ಲ, ಓದೋ ಮನುಷ್ಯರಿಗೆ ಅಂತ ಬರೆಯೋ ಸಾಲು, ಅದು ಈ ಷರಾನೇ. ನಮ್ಮೋರು ಅಲ್ಲಿ ಯಾಕೆ ಅಂತ ಬರೆಯೋದು ಬಿಟ್ಟು ಪಕ್ಕದ ಕಾಲಂನಲ್ಲಿರೋದನ್ನೇ ಮತ್ತೆ ಬರೀತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೀಗಲ್‌ಬೋನ್ ಥರದ ಒಂದು ಬೋರ್ಡಿನ ಕೋಡನ್ನ ಬೇರೆ ಚಿಪ್ಪಿನ ಬೋರ್ಡಿಗೆ ತಗೊಂಡು ಹೋಗ್ಬೇಕಿತ್ತು. ಕೇಬಲ್ ಚುಚ್ಚಿ ನೋಡಿದ್ರೆ ಸ್ಕ್ರೀನ್ ತುಂಬಾ ಪ್ರಶ್ನಾರ್ಥಕ ಚಿಹ್ನೆ, ಚೌಕ, ಏನೇನೋ ಗಲೀಜು. ಕೇಬಲ್ ಬದಲಾಯಿಸಿದ್ವಿ, ಲ್ಯಾಪ್‌ಟಾಪ್ ಬದಲಾಯಿಸಿದ್ವಿ, ಬೋರ್ಡನ್ನೂ ಬದಲಾಯಿಸಿದ್ವಿ, ಮೂರು ದಿನ ಹೋಯ್ತು, ಕೊನೆಗೆ ಟ್ರೈನಿಂಗಿಗೆ ಬಂದಿದ್ದ ಡಿಪ್ಲೊಮಾ ಹುಡುಗಿಯೊಬ್ಬಳು ಸುಮ್ನೆ ಲ್ಯಾಪ್‌ಟಾಪಲ್ಲಿ ಸ್ಪೀಡನ್ನ ಸೆಕೆಂಡಿಗೆ 115200 ಬಿಟ್‌ನಿಂದ 57600ಕ್ಕೆ ಇಳಿಸಿ ನೋಡಿದ್ಲು, ಅಕ್ಷರ ಎಲ್ಲ ಮುತ್ತಿನ ಹಾಗೆ ಬಂತು! ಆಮೇಲೆ ಕೋಡ್ ನೋಡಿದ್ರೆ ಡಿವೈಸರ್, ಅಂದ್ರೆ ಸ್ಪೀಡ್ ಬರೋಕೆ ಭಾಗಿಸೋ ಸಂಖ್ಯೆ, ಆ ಜಾಗದಲ್ಲಿ 26 ಅಂತ ಇದೆ, ಪಕ್ಕದಲ್ಲಿ ಕಾಮೆಂಟು, ಏನಂತ, ಡಿವೈಸರ್ ಸೆಟ್ ಮಾಡು ಅಂತ. ಅದು ಕಾಣ್ತಿದೆಯಲ್ಲ ಮಾರಾಯಾ! ಹಳೇ ಚಿಪ್ಪಲ್ಲಿ ಯುಆರ್ಟ್‌ಗೆ, ಅಂದ್ರೆ ಸೀರಿಯಲ್ ಪೋರ್ಟ್ ನಡೆಸೋ ಭಾಗಕ್ಕೆ, ತಾಳ ಹಾಕೋ ಕ್ಲಾಕು 48 ಮೆಗಾಹರ್ಟ್ಸ್, ಅದನ್ನ 16ರಿಂದ ಭಾಗಿಸಿ ಮತ್ತೆ 115200ರಿಂದ ಭಾಗಿಸಿದ್ರೆ 26 ಚಿಲ್ಲರೆ ಬರುತ್ತೆ. ಹೊಸ ಚಿಪ್ಪಲ್ಲಿ ಕ್ಲಾಕು 24, ಅಲ್ಲಿ 13 ಇರ್ಬೇಕಿತ್ತು. ಇಷ್ಟನ್ನ ಒಂದು ಸಾಲು ಬರೆದಿದ್ರೆ ಮೂರು ದಿನ ಉಳೀತಿತ್ತು. ಯು-ಬೂಟ್‌ನ ಮೂಲ ಡ್ರೈವರಲ್ಲಿ ಕ್ಲಾಕ್ ಎಷ್ಟು ಅಂತ ಕೊಟ್ರೆ ಅದೇ ಲೆಕ್ಕ ಹಾಕ್ಕೊಳ್ಳುತ್ತೆ, ತಪ್ಪು ಅವರದ್ದಲ್ಲ, ನಮ್ಮವರೇ ಯಾರೋ ಅರ್ಜೆಂಟಲ್ಲಿ ನಂಬರ್ ಬಡಿದು ಹೋಗಿದ್ರು.

ಸರಿಯಾದ ಷರಾ ಹೇಗಿರುತ್ತೆ ಅಂತ ಕೇಳಿದ್ರೆ ಅದೇ ಯು-ಬೂಟ್‌ನ ಎನ್‌ಎಸ್16550 ಅನ್ನೋ ಡ್ರೈವರ್ ಫೈಲ್ ತೆಗೆದು ತೋರಿಸ್ತೀನಿ. 1981ರ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಲ್ಲಿ 8250 ಅಂತ ಒಂದು ಸೀರಿಯಲ್ ಚಿಪ್ ಇತ್ತು, ಅದರ ವಂಶದ್ದೇ 16550, ಇವತ್ತಿನ ಎಷ್ಟೋ ಚಿಪ್ಪುಗಳ ಒಳಗೆ ಅದೇ ರಿಜಿಸ್ಟರ್ (ಇಲ್ಲಿ ಪುಸ್ತಕ ಅಲ್ಲ, ಚಿಪ್ಪಿನೊಳಗೆ ಅಂಕಿ ಇಡೋ ಪುಟ್ಟ ಗೂಡು) ಜೋಡಣೆ ನಡ್ಕೊಂಡು ಬಂದಿದೆ. ವಿಚಿತ್ರ ಜೋಡಣೆ ಅದು, ವಠಾರದ ಥರ, ಒಂದೇ ಬಾಗಿಲಲ್ಲಿ ಮೂರು ಸಂಸಾರ. ಸೊನ್ನೆ ನಂಬರ್ ರಿಜಿಸ್ಟರನ್ನ ಓದಿದ್ರೆ ಬಂದ ಅಕ್ಷರ ಸಿಗುತ್ತೆ, ಬರೆದ್ರೆ ಅಕ್ಷರ ಆಚೆ ಹೋಗುತ್ತೆ, ಬೇರೆ ಒಂದು ರಿಜಿಸ್ಟರಲ್ಲಿ ಡಿಲ್ಯಾಬ್ ಅನ್ನೋ ಬಿಟ್ಟನ್ನ (ಸೊನ್ನೆ ಇಲ್ಲ ಒಂದು ಅನ್ನೋ ಸ್ವಿಚ್ಚು) ಎತ್ತಿಟ್ಟು ಬರೆದ್ರೆ ಅದೇ ಜಾಗದಲ್ಲಿ ಸ್ಪೀಡ್ ಬದಲಾಗುತ್ತೆ. ಷರಾ ಇಲ್ದೆ ಇಂಥ ಕೋಡ್ ಓದೋದು ಅಂದ್ರೆ ದೇವರೇ ಗತಿ.

ಆ ಫೈಲಲ್ಲಿ ಪೋರ್ಟನ್ನ ಚಾಲೂ ಮಾಡೋ ಫಂಕ್ಷನ್, ಅಂದ್ರೆ ಕೋಡಿನ ತುಂಡಿನ, ಒಳಗೆ ಒಂದು ಕಡೆ, ಕೆಲವು ಓಮ್ಯಾಪ್3, ಓಮ್ಯಾಪ್4 ಚಿಪ್ಪಲ್ಲಿ ಮೂರನೇ ಯುಆರ್ಟನ್ನ ಬೂಟಿಗೆ ಇಟ್ಕೊಂಡಿದ್ರೆ ಟಿಎಚ್‌ಆರ್‌ಇ ಬಿಟ್ ಮಾತ್ರ ಏರಿರುತ್ತೆ, ಹಾಗಾಗಿ ಶುರು ಮಾಡೋಕೆ ಮುಂಚೆ ಕಳಿಸೋ ಭಾಗವನ್ನ ಪೂರ್ತಿ ಖಾಲಿ ಮಾಡ್ಬೇಕು ಅಂತ ಬರೆದಿದಾರೆ. ಟಿಎಚ್‌ಆರ್‌ಇ ಅಂದ್ರೆ ಇನ್ನೊಂದು ಅಕ್ಷರ ಇಟ್ಕೊಳ್ಳೋಕೆ ಜಾಗ ಆಯ್ತು ಅಂತ ಅಷ್ಟೇ, ಕೊನೇ ಅಕ್ಷರ ವೈರ್ ದಾಟಿ ಹೋಯ್ತು ಅಂತಲ್ಲ. ಬಸ್ ಸ್ಟ್ಯಾಂಡಿನ ಕೌಂಟರಲ್ಲಿ ಕ್ಯೂ ಖಾಲಿ ಆಗೋದೇ ಬೇರೆ, ಬಸ್ ಹೊರಡೋದೇ ಬೇರೆ. ಈ ಷರಾ ಇಲ್ದಿದ್ರೆ ಯಾರೋ ಬುದ್ಧಿವಂತ ಬಂದು ಇದೇನು ಸುಮ್ನೆ ಕಾಯ್ತಾ ಕೂತಿದೆ ಅಂತ ಅಳಿಸಿ ಹಾಕ್ತಿದ್ದ.

ಇನ್ನೊಂದು ನನಗೆ ಬಹಳ ಇಷ್ಟ. ಅಕ್ಷರ ಕಳಿಸೋ ಪುಟ್‌ಸಿ ಫಂಕ್ಷನಲ್ಲಿ ಪ್ರತಿ ಸಾಲು ಮುಗಿದಾಗ ವಾಚ್‌ಡಾಗನ್ನ ಸಮಾಧಾನ ಮಾಡ್ತಾರೆ. ವಾಚ್‌ಡಾಗ್ ಅಂದ್ರೆ ಆಗಾಗ ತಟ್ಟದೇ ಇದ್ರೆ ಬೋರ್ಡನ್ನೇ ರೀಸೆಟ್ ಮಾಡೋ ಟೈಮರ್. ಅಕ್ಷರ ಕಳಿಸೋ ಜಾಗಕ್ಕೂ ಅದಕ್ಕೂ ಏನು ಸಂಬಂಧ? ಅಲ್ಲೇ ಬರೆದಿದಾರೆ, ಪ್ರಿಂಟ್-ಎನ್ವ್ ಅನ್ನೋ ಕಮಾಂಡು ಎಲ್ಲ ಸೆಟ್ಟಿಂಗನ್ನೂ ಒಂದೇ ಸಲಕ್ಕೆ ಸುರಿಯುತ್ತೆ, ಅದಕ್ಕೇ ಇಲ್ಲಿ ಮಾಡಿರೋದು ಅಂತ. ಲೆಕ್ಕ ಹಾಕಿ ನೋಡಿ, ಒಂದು ಅಕ್ಷರಕ್ಕೆ ಹತ್ತು ಬಿಟ್ಟು, 9600 ಸ್ಪೀಡಲ್ಲಿ 4 ಕೆಬಿ ಸುರಿಯೋಕೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೇಕು, ಅಷ್ಟರಲ್ಲಿ ನಾಯಿ ಕಚ್ಚಿದ್ರೆ?

ಇಷ್ಟೆಲ್ಲ ಹೇಳೋ ನಾನೂ ಒಂದು ಸಲ ಸರಿಯಾಗೇ ಕೆಡಿಸಿದೀನಿ, ಅದನ್ನ ಮುಚ್ಚಿಡಲ್ಲ. ಹಾಲಿನ ಡೈರಿಗೆ ಒಂದು ಪೆಟ್ಟಿಗೆ ಮಾಡ್ತಿದ್ವಿ, ತೂಕದ ಯಂತ್ರ, ಫ್ಯಾಟ್ ನೋಡೋ ಯಂತ್ರ ಎರಡೂ ಸೀರಿಯಲ್ ಪೋರ್ಟಿಂದಾನೇ ಇದಕ್ಕೆ ಸೇರೋದು. ಪೋರ್ಟ್ ಸಾಲದೆ ಇದ್ದಿದ್ರಿಂದ ಕನ್ಸೋಲ್ ಪೋರ್ಟನ್ನೇ, ಅಂದ್ರೆ ಬೂಟ್‌ಲೋಡರ್ ಮಾತಾಡೋ ಆ ಸೀರಿಯಲ್ ಪೋರ್ಟನ್ನೇ, ಫ್ಯಾಕ್ಟರಿ ಬಿಟ್ಟ ಮೇಲೆ ತೂಕದ ಯಂತ್ರಕ್ಕೆ ಕೊಟ್ಟಿದ್ರು. ಬೂಟ್‌ಲೋಡರ್ ಎದ್ದಾಗ ಯಾವ್ದಾದ್ರೂ ಕೀ ಒತ್ತಿದ್ರೆ ನಿಲ್ತೀನಿ ಅಂತ ಎರಡು ಮೂರು ಸೆಕೆಂಡ್ ಕಾಯುತ್ತಲ್ಲ, ನಮ್ಮ ಹಳೇ ಇಂಜಿನಿಯರ್ ಅದನ್ನ ಬದಲಾಯಿಸಿ ಒಂದು ಗುಟ್ಟಿನ ಪದ ಪೂರ್ತಿ ಟೈಪ್ ಮಾಡಿದ್ರೆ ಮಾತ್ರ ನಿಲ್ಲೋ ಹಾಗೆ ಇಟ್ಟಿದ್ರು. ಯಾಕೆ ಅಂತ ಎಲ್ಲೂ ಬರೆದಿರ್ಲಿಲ್ಲ, ಅವರು ಕೆಲಸ ಬಿಟ್ಟೂ ಹೋಗಿದ್ರು. ದಿನಾ ಇಪ್ಪತ್ತು ಸಲ ಆ ಪದ ಕುಟ್ಟಿ ಕುಟ್ಟಿ ಬೇಜಾರಾಗಿ ನಾನೇ ಅದನ್ನ ಕಿತ್ತು ಹಾಕಿದೆ. ಟೇಬಲ್ ಮೇಲೆ ಎಲ್ಲ ಸರಿಯಾಗೇ ಓಡ್ತು. ಹಳ್ಳೀಲಿ ರಾತ್ರಿ ಕರೆಂಟ್ ಹೋಗಿ ಬೆಳಗಿನ ಜಾವ ವಾಪಸ್ ಬಂದ್ರೆ ಪೆಟ್ಟಿಗೆ ಎದ್ದೇಳ್ತಾನೇ ಇಲ್ಲ! ತೂಕದ ಯಂತ್ರ ಯಾರೂ ಕೇಳದೇ ಇದ್ರೂ ತೂಕಾನ ಒಂದೇ ಸಮ ಕಳಿಸ್ತಾ ಇರುತ್ತೆ, ಬೂಟ್‌ಲೋಡರ್ ಕೀ ಒತ್ತಿದ್ರು ಅನ್ಕೊಂಡು ಅಲ್ಲೇ ನಿಂತು ಅಪ್ಪಣೆಗೆ ಕಾಯ್ತಾ ಕೂತಿದೆ. ಬೆಳಗ್ಗೆ ಆರಕ್ಕೇ ಕ್ಯಾನ್ ಹಿಡ್ಕೊಂಡು ಜನ ನಿಂತಿದಾರೆ, ಸೆಕ್ರೆಟರಿ ಫೋನಲ್ಲಿ ಏನೇನಂದ್ರು ಅಂತ ಇಲ್ಲಿ ಬರೆದ್ರೆ ನೀವು ಹಾಕಲ್ಲ. ಆವತ್ತು ಎಲ್ಲಾರ ಹಾಲನ್ನೂ ನೋಟ್‌ಬುಕ್ಕಲ್ಲಿ ಕೈಯಲ್ಲೇ ಬರ್ಕೊಂಡ್ರು.

ಅದಕ್ಕೇ ಸಾರ್, ಕಾಲೇಜಿನ ಮೇಷ್ಟ್ರುಗಳಿಗೆ ನನ್ನ ಕೋರಿಕೆ. ನಾಲ್ಕು ಹುಡುಗ್ರಿಗೆ ಒಂದು ಸೀರಿಯಲ್ ಡ್ರೈವರ್ ಫೈಲ್ ಕೊಡಿ, ಇದಕ್ಕೆ ಡಾಕ್ಯುಮೆಂಟೇಶನ್ ಬರೀರಿ ಅನ್ನಿ, ಅದನ್ನೇ ಪ್ರಾಜೆಕ್ಟ್ ಅಂತ ತಗೊಂಡು ಮಾರ್ಕ್ಸ್ ಕೊಡಿ. ಬರೆಯೋ ರೀತಿ ಕಷ್ಟ ಏನಿಲ್ಲ, ಕರ್ನಲ್-ಡಾಕ್ ಅಂತಾರೆ, ಎರಡು ನಕ್ಷತ್ರದಿಂದ ಶುರುವಾಗೋ ಕಾಮೆಂಟು, ಮೊದಲು ಫಂಕ್ಷನ್ ಹೆಸರು ಅದೇನು ಮಾಡುತ್ತೆ ಅಂತ ಒಂದು ಸಾಲು, ಆಮೇಲೆ ಒಂದೊಂದು ಪ್ಯಾರಾಮೀಟರ್, ಕೊನೇಲಿ ಏನು ವಾಪಸ್ ಕೊಡುತ್ತೆ ಅನ್ನೋದು. ಪ್ಯಾರಾಮೀಟರ್ ಹೆಸರು ಕೋಡಿಗೆ ಹೊಂದದೇ ಇದ್ರೆ ಟೂಲೇ ಬೈಯುತ್ತೆ, ಸ್ಫಿಂಕ್ಸ್ ಅನ್ನೋ ಪ್ರೋಗ್ರಾಂ ಅದನ್ನೆಲ್ಲ ಪುಸ್ತಕದ ಥರ ಮಾಡಿ ಕೊಡುತ್ತೆ. ಕಷ್ಟ ಇರೋದು ಬರೆಯೋಕೆ ಏನಿದೆ ಅಂತ ತಿಳ್ಕೊಳ್ಳೋದ್ರಲ್ಲಿ. ಬಂದ ಅಕ್ಷರ ತಗೊಳ್ಳೋ ಗೆಟ್‌ಸಿ ಫಂಕ್ಷನನ್ನೇ ತಗೊಳ್ಳಿ, ಅಕ್ಷರ ಬಂದಿಲ್ಲ ಅಂದ್ರೆ ಡ್ರೈವರು ಕಾಯೋ ಹಾಗಿಲ್ಲ, ಇ-ಅಗೇನ್ ಅನ್ನೋ ಎರರ್ ಕೊಟ್ಟು ವಾಪಸ್ ಬಂದುಬಿಡ್ಬೇಕು, ಮತ್ತೆ ಮತ್ತೆ ಕೇಳೋ ಕೆಲಸ ಮೇಲಿನ ಪದರದ್ದು, ಅಂದ್ರೆ ಈ ಡ್ರೈವರನ್ನ ಕರೆಯೋ ಕೋಡಿಂದು. ಇದನ್ನ ಬರೀಬೇಕಂದ್ರೆ ಮೇಲಿನ ಪದರದ ಕೋಡ್ ಓದ್ಬೇಕು, ಚಿಪ್ಪಿನ ಮ್ಯಾನ್ಯುಯಲ್ ತೆಗೀಬೇಕು, ಬೋರ್ಡಿಗೆ ಕೇಬಲ್ ಚುಚ್ಚಿ ನೋಡ್ಬೇಕು. ಅಂಗಡೀಲಿ ಇದು ಸಿಗಲ್ಲ. ವೈವಾದಲ್ಲೂ ಸುಲಭ, ಈ ನಂಬರ್ ಯಾಕೆ ಅಂತ ಒಂದೇ ಪ್ರಶ್ನೆ ಕೇಳಿದ್ರೆ ಸಾಕು, ಯಾರು ಓದಿದಾರೆ ಯಾರು ಓದಿಲ್ಲ ಗೊತ್ತಾಗುತ್ತೆ.

ಇಂಗ್ಲಿಷಲ್ಲಿ ಬರೆಯೋಕೆ ಹೆದರೋ ಹುಡುಗ್ರು ಜಾಸ್ತಿ, ನಾನೂ ಹೆದರ್ತಿದ್ದೆ, ಕನ್ನಡ ಮೀಡಿಯಂ. ಅವರಿಗೆ ನಾನು ಹೇಳೋದು ಮೊದಲು ಕನ್ನಡದಲ್ಲೇ ಬರ್ಕೊಳ್ಳಿ ಅಂತ. ಯಾಕೆ ಅನ್ನೋದು ಕನ್ನಡದಲ್ಲಿ ನೆಟ್ಟಗೆ ಬಂದ್ರೆ ಇಂಗ್ಲಿಷಿಗೆ ಹಾಕೋದು ಒಂದು ಸಂಜೆ ಕೆಲಸ, ಕನ್ನಡದಲ್ಲೇ ಬರದಿದ್ರೆ ವಿಷಯಾನೇ ಅರ್ಥ ಆಗಿಲ್ಲ ಅಂತ. ಕಂಪನಿ ನಡೆಸೋರಿಗೂ ಒಂದು ಮಾತಿತ್ತು, ಷರಾ ಬರೆಯೋಕೆ ಟೈಮ್‌ಶೀಟಲ್ಲಿ ಅರ್ಧ ದಿನ ಬಿಡಿ ಅಂತ, ನಮ್ಮ ಸಾಹೇಬ್ರು ಆ ಹಾಲಿನ ಗಲಾಟೆ ಆದ ಮೇಲೆ ಬಿಡೋಕೆ ಶುರು ಮಾಡಿದಾರೆ.

ಆ ಗುಟ್ಟಿನ ಪದ ವಾಪಸ್ ಬಂದಿದೆ, ದಿನಾ ಇಪ್ಪತ್ತು ಸಲ ಕುಟ್ತೀನಿ. ಅದರ ಮೇಲೆ ಈಗ ನಾಲ್ಕು ಸಾಲು ಷರಾ ಇದೆ, ತೂಕದ ಯಂತ್ರ ಏನು ಮಾಡುತ್ತೆ ಅಂತ. ಅದರಲ್ಲಿ ಒಂದು ಸ್ಪೆಲಿಂಗ್ ತಪ್ಪಿದೆ ಅಂತ ಮೊನ್ನೆ ಹೊಸಬ ಹುಡುಗ ತೋರಿಸ್ದ. ಓದಿದಾನಲ್ಲ ಅಂತ ಖುಷಿ ಆಯ್ತು.

ಇಂತಿ,
ನಿಮ್ಮ ಓದುಗ, ಪೀಣ್ಯ, ಬೆಂಗಳೂರು