ರಿಂಗಿನ ಕೊಕ್ಕೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಭೂಕಂಪ ಎಂಜಿನಿಯರಿಂಗ್‌ನಲ್ಲಿ ಸಂಶೋಧನೆಗೆ ಸೇರಿದ್ದೀಯ ಅಂತ ನಿನ್ನಪ್ಪ ಫೋನ್ ಮಾಡಿದ್ದ. ಖುಷಿಯಾಯಿತು. ಮಾದರಿ ಕಟ್ಟಡ ಇಟ್ಟು ಅಲುಗಾಡಿಸುವ ಶೇಕ್ ಟೇಬಲ್ ನೋಡಿ ಬೆರಗಾದೆಯಂತೆ. ಆಗಲೇಬೇಕು ಬಿಡು. ಜಪಾನಿನ ಇ-ಡಿಫೆನ್ಸ್ ಅನ್ನುವ ಪ್ರಯೋಗಾಲಯದಲ್ಲಿರುವ ಟೇಬಲ್ 20 ಮೀಟರ್ ಉದ್ದ, 15 ಮೀಟರ್ ಅಗಲ. 1,200 ಟನ್ನಿನವರೆಗೆ ತೂಗುವ ಇಡೀ ಕಟ್ಟಡವನ್ನೇ ಅದರ ಮೇಲೆ ಕುಣಿಸುತ್ತಾರೆ. ಆದರೂ ನನ್ನದೊಂದು ಮಾತು ಕೇಳು. ವಾರಕ್ಕೊಂದು ದಿನವಾದರೂ ಲ್ಯಾಬ್ ಬಿಟ್ಟು ಕಂಬಿ ಬಗ್ಗಿಸುವವರ ಪಕ್ಕ ಹೋಗಿ ಕೂರು.

ಯಾಕೆ ಅಂತ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಕಟ್ಟಡದ ಕಂಬಗಳಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯಲು ಹಾಕಿದ ರಿಂಗ್ ಎಣಿಸಿದೆ, ಅಂತರ ಅಳೆದೆ, ಸಹಿ ಹಾಕಿದೆ. ರಿಂಗಿನ ತುದಿ ಹೇಗೆ ಬಗ್ಗಿದೆ ಅಂತ ನೋಡಲೇ ಇಲ್ಲ. ಎಲ್ಲವನ್ನೂ 90 ಡಿಗ್ರಿಗೆ ಸುಮ್ನೆ ಮಡಚಿದ್ದರು. ನೆಲ ಜೋರಾಗಿ ಅಲುಗಿದರೆ ಮೊದಲು ಉದುರುವುದು ಕಂಬದ ಹೊರಗಿನ ಕಾಂಕ್ರೀಟ್. ಆಮೇಲೆ ಅಂಥ ಕೊಕ್ಕೆಗೆ ಹಿಡಿತವೇ ಇರುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಉದ್ದ ಕಂಬಿಗಳು ಹೊರಕ್ಕೆ ಉಬ್ಬುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ. 135 ಡಿಗ್ರಿಗೆ ಬಗ್ಗಿಸಿದ್ದರೆ ತುದಿ ಕಂಬದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ. ಸಿಪ್ಪೆ ಹೋದರೂ ಹಿಡಿತ ಬಿಡುವುದಿಲ್ಲ. ಆ ಕಟ್ಟಡದಲ್ಲಿ ಈಗಲೂ ಜನ ಇದ್ದಾರೆ. ಎಲ್ಲೇ ಭೂಕಂಪ ಅಂತ ಸುದ್ದಿ ಬರಲಿ, ನನಗೆ ಮೊದಲು ಕಣ್ಣಿಗೆ ಕಟ್ಟುವುದು ಆ ರಿಂಗ್‌ಗಳೇ.

ಈ ಕೊಕ್ಕೆಯ ನಿಯಮ, ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳಿಗೆಂದು ಮಾಡಿದ ಐಎಸ್ 13920 ಅನ್ನುವ ಭಾರತೀಯ ಕೋಡ್‌ನಲ್ಲಿ 1993ರಲ್ಲೇ ಅಚ್ಚಾಗಿತ್ತು. ಆದರೆ 2001ರ ಜನವರಿ 26ರಂದು ಭುಜ್ ಭೂಕಂಪ ಆದಾಗ, 200 ಕಿಲೋಮೀಟರಿಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಫ್ಲಾಟ್‌ಗಳು ಕುಸಿದವು. ಕೆಳಗೆ ಪಾರ್ಕಿಂಗ್‌ಗೆಂದು ಗೋಡೆಯಿಲ್ಲದೆ ಬಿಟ್ಟ ಬರೀ ಕಂಬಗಳು. ಮೇಲೆ ಗೋಡೆ ತುಂಬಿ ಬಿಗಿಯಾದ ಮಹಡಿಗಳು. ಓಲಾಟವೆಲ್ಲ ಆ ಕಂಬಗಳ ಪಾಲಿಗೇ ಬಂತು. ಪುಸ್ತಕದಲ್ಲಿದ್ದದ್ದು ಸೈಟಿಗೆ ಇಳಿದಿರಲಿಲ್ಲ.

ನಿನಗೆ ತರಬೇತಿ ಕೊಡುವ ಕೆಲಸವೂ ಇದೆಯಂತಲ್ಲ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಮೇಸ್ತ್ರಿಗೆ ಕೋಡ್ ನಂಬರ್ ಹೇಳಬೇಡ, ಸ್ಲೈಡ್ ಹಾಕಬೇಡ. ರಿಂಗನ್ನೇ ಕೈಗೆ ಕೊಡು. ಕಾನ್ಪುರ ಐಐಟಿಯವರು ಚಿತ್ರ ಬಿಡಿಸಿ ಸರಳವಾಗಿ ಬರೆದ ಹಾಳೆಗಳಿವೆ, ಅವನ್ನು ಇಟ್ಟುಕೋ. 135ಕ್ಕೆ ಬಗ್ಗಿಸಿದರೆ ಪೋಣಿಸೋದು ಕಷ್ಟ ಅಂತ ಮೇಸ್ತ್ರಿಗಳು ಗೊಣಗುತ್ತಾರೆ. ಸುಳ್ಳಲ್ಲ. ಮೊದಲು ನೀನೇ ಒಂದು ಕಂಬಕ್ಕೆ ಪೋಣಿಸಿ ನೋಡು, ಬೆರಳು ತರಚುತ್ತದೆ. ಆಮೇಲೆ ಮಾತಾಡು. ಆ ಕಷ್ಟ ಕಡಿಮೆ ಮಾಡುವ ದಾರಿ ಹುಡುಕಿದರೆ ಅದೂ ಸಂಶೋಧನೆಯೇ ಅಲ್ವಾ? ಗೈಡ್ ಒಪ್ಪದಿದ್ದರೆ ನನ್ನ ಹೆಸರು ಹೇಳಬೇಡ ಮತ್ತೆ.

ಕೊರಿಯರ್‌ನಲ್ಲಿ ಎರಡು ರಿಂಗ್ ಕಳಿಸಿದ್ದೇನೆ, 8 ಎಂಎಂ ಕಂಬಿಯವು. ಒಂದು ನಾನು ಅವತ್ತು ಸಹಿ ಹಾಕಿದ ಥರದ್ದು. ತುದಿ ಚೂಪಾಗಿವೆ, ಡಬ್ಬಿ ಬಿಚ್ಚುವಾಗ ಹುಷಾರು.

ಇಂತಿ,
ನಿನ್ನ ದೊಡ್ಡಪ್ಪ